ನೀರುಹುಲ್ಲಿನ ಬುಡಕ್ಕೆ ಏರಿಸಿದ ಉಸುಕು

ನಮ್ಮ ಪಡಸಾಲೆಯ ಕಿಟಕಿಗೆ ಹಾಸಿದ ಕಡಪಾ ಕಲ್ಲಿನ ಎಡಮೂಲೆಯಲ್ಲಿ ಒಂದು ದುಂಡನೆಯ ಬಿಳಿ ಕಲೆ ಇದೆ. ನೀವು ನಮ್ಮ ಮನೆಗೆ ಬಂದರೆ ಅದನ್ನು ಗಮನಿಸುವುದಿಲ್ಲ. ಗಮನಿಸಿದರೂ ಯಾರೋ ಚಹಾದ ಲೋಟ ಇಟ್ಟ ಗುರುತು ಎಂದುಕೊಂಡು ಸುಮ್ಮನಾಗುತ್ತೀರಿ. ಅದು ಚಹಾದ್ದಲ್ಲ, ನೀರಿನದು. ಹನ್ನೊಂದು ವರ್ಷ ಒಂದೇ ಜಾಗದಲ್ಲಿ ಒಂದೇ ಬಾಟಲಿಯನ್ನು ಇಡುತ್ತ ಬಂದರೆ ಕಲ್ಲಿನ ಮೇಲೂ ಗುರುತು ಕೂರುತ್ತದೆ.

ಬಾಟಲಿ ನನ್ನ ಮಾವನವರದು. ಯಾವ ಕಾಲದ ಯಾವ ತಂಪು ಪಾನೀಯದ್ದೋ ಏನೋ, ಮೈಮೇಲಿನ ಕಾಗದ ಎಂದೋ ಸುಲಿದು ಹೋಗಿತ್ತು. ಮುಚ್ಚಳವೂ ಅದರದ್ದಲ್ಲ, ಬೇರೆ ಬಣ್ಣದ್ದು. ಭೋಜ ಎಂಬ ತಮ್ಮೂರಿನ ಹೊಲದ ಬಾವಿಯ ನೀರನ್ನು ಅದರಲ್ಲಿ ಕತ್ತಿನ ತನಕ ತುಂಬಿಕೊಂಡು, ಬಿಳಿಯ ಕೈಚೀಲದಲ್ಲಿ ನಿಲ್ಲಿಸಿಕೊಂಡು, ಒಂದು ಸಂತೆ ಬಿಟ್ಟು ಒಂದು ಸಂತೆಗೆ ಅವರು ನಾವಿರುವ ಚಿಕ್ಕೋಡಿಗೆ ಬರುತ್ತಿದ್ದರು. ಬಂದವರೇ ಚಪ್ಪಲಿ ಬಿಟ್ಟು, ಬಾಟಲಿಯನ್ನು ಕಿಟಕಿಯ ಎಡಮೂಲೆಯಲ್ಲಿಟ್ಟು, ಅದರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಮಗಳೊಡನೆ ಮಾತು, ನನ್ನೊಡನೆ ಮಳೆ-ಕಬ್ಬು-ಕರೆಂಟಿನ ವಿಚಾರ, ನಡುನಡುವೆ ತಮ್ಮ ಬಾಟಲಿಯಿಂದ ಎರಡು ಗುಟುಕು. ನಾಲ್ಕು ಗಂಟೆಯ ಬಸ್ಸಿಗೆ ಎದ್ದು ಹೋಗುತ್ತಿದ್ದರು.

ಯಾಕೆ ಎಂದು ನೀವು ಕೇಳುವುದು ಸಹಜ. ಮಾವನವರ ಮನೆತನದಲ್ಲಿ ಹಳೆಯದೊಂದು ನೇಮವಿತ್ತು: ಮಗಳ ಮಡಿಲಿಗೆ ಒಂದು ಕೂಸು ಬರುವ ತನಕ ಹೆತ್ತವರು ಅವಳ ಮನೆಯ ಅನ್ನ-ನೀರು ಮುಟ್ಟಬಾರದು. ಕನ್ನಡ-ಮರಾಠಿ ಗಡಿಯ ಆಚೆಗೂ ಈಚೆಗೂ ಬಹಳ ಮಂದಿ ಅದನ್ನು ಎಂದೋ ಗಾಳಿಗೆ ತೂರಿ ಮಗಳ ಮನೆಯ ಹೋಳಿಗೆಯನ್ನು ಸುಖವಾಗಿ ಚಪ್ಪರಿಸುತ್ತಿದ್ದರೂ ಇವರು ಬಿಟ್ಟಿರಲಿಲ್ಲ. ನನ್ನ ಹುಟ್ಟೂರು ಅಥಣಿ; ನಮ್ಮವರಲ್ಲಿ ಈ ನೇಮ ಇಲ್ಲ. ಮದುವೆಯ ಹೊಸದರಲ್ಲಿ ನನಗಿದು ತಮಾಷೆಯಾಗಿ ಕಂಡಿತ್ತು, ವರ್ಷದೊಳಗೆ ಮುಗಿಯುವ ವ್ರತವೆಂದು ನಕ್ಕಿದ್ದೆ. ಎರಡು ವರ್ಷವಾಯಿತು, ಐದಾಯಿತು. ಐದನೆಯ ವರ್ಷ ಅತ್ತೆಯವರು ತೀರಿಕೊಂಡರು. ಮಗಳ ಮನೆಯ ಒಂದು ಗುಟುಕು ನೀರನ್ನೂ ಕುಡಿಯದೆ ತೀರಿಕೊಂಡರು. ಆಮೇಲೆ ನಾನು ಆ ಬಾಟಲಿಯನ್ನು ನೋಡಿ ನಕ್ಕದ್ದು ನೆನಪಿಲ್ಲ.

ಇನ್ನು ನನ್ನ ವಿಷಯ. ನಾನು ಕರೆಂಟಿನ ಕಚೇರಿಯಲ್ಲಿ ಮೀಟರ್ ತಪಾಸಣೆಯ ಕೆಲಸದವನು. ಜಗತ್ತಿನಲ್ಲಿ ಎಲ್ಲರೂ ಒಂದು ಮನೆಗೆ ಹೋದರೆ ಮೊದಲು ಮನೆಯವರ ಮುಖ ನೋಡುತ್ತಾರೆ. ನಾನು ಕಂಬದಿಂದ ಇಳಿದ ವೈರನ್ನು ನೋಡುತ್ತೇನೆ. ಎಲ್ಲಿ ಕೊಕ್ಕೆ ಹಾಕಿದ್ದಾರೆ, ಯಾವ ಸೀಲು ಒಡೆದು ಮತ್ತೆ ಅಂಟಿಸಿದ್ದಾರೆ, ನನಗೆ ಇಷ್ಟು ಮರ್ಯಾದೆಯಿಂದ ಚಹಾ ಕೊಡುತ್ತಿರುವ ಈ ಪುಣ್ಯಾತ್ಮ ಹಿತ್ತಿಲಲ್ಲಿ ಏನನ್ನು ಮುಚ್ಚಿಟ್ಟಿದ್ದಾನೆ, ಇದೇ ಯೋಚನೆ. ಎಲ್ಲವೂ ಸರಿಯಾಗಿರುವ ಮನೆಯೆಂದರೆ ನನಗೆ ಹೆಚ್ಚಿನ ಗುಮಾನಿ. ಸಂಶಯ ಪಡುವುದಕ್ಕೇ ಸಂಬಳ ಕೊಡುವ ಕೆಲಸ ಎಷ್ಟಿವೆಯೋ ಗೊತ್ತಿಲ್ಲ, ಇದಂತೂ ಒಂದು. ಕೆಲಸದ ಅಂಗಿಯನ್ನು ಮನೆಗೆ ಬಂದು ಗೂಟಕ್ಕೆ ಹಾಕಬಹುದು. ಕೆಲಸದ ಬುದ್ಧಿಗೆ ಗೂಟವಿಲ್ಲ ಎಂದು ನನ್ನ ಹೆಂಡತಿ ಸುನಂದಾ ಆಗಾಗ ಹೇಳುತ್ತಾಳೆ.

ಆದರೆ ತಪ್ಪೆಲ್ಲ ನೌಕರಿಯದೇ ಎಂದರೆ ಸುಳ್ಳಾದೀತು. ಮಕ್ಕಳಿಲ್ಲದ ಮನೆಗೆ ಸಂಶಯ ತಾನಾಗಿ ಬಂದು ನೆಲೆಸುತ್ತದೆ. ಸುನಂದಾ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸೀರೆಗಳಿಗೆ ಫಾಲು-ಪಿಕೋ ಮಾಡಿಕೊಡುತ್ತಾಳೆ; ಓಣಿಯ ಹೆಂಗಸರು ಬರುತ್ತಾರೆ. "ಏನರ ವಿಶೇಷ?" ಎಂದು ಒಬ್ಬರು ಕನ್ನಡದಲ್ಲಿ ಕೇಳಿದರೆ, "ಕಾಹಿ ವಿಶೇಷ?" ಎಂದು ಇನ್ನೊಬ್ಬರು ಮರಾಠಿಯಲ್ಲಿ ಕೇಳುತ್ತಾರೆ. ಎರಡು ಭಾಷೆ ಬಲ್ಲ ಊರಿನಲ್ಲಿ ಒಂದೇ ಮುಳ್ಳು ಎರಡು ಸಲ ಚುಚ್ಚುತ್ತದೆ. ನಾಮಕರಣಕ್ಕೆ ಕರೆದರೆ ಯಾಕೆ ಕರೆದರೋ ಎಂದು ಅನುಮಾನ, ಕರೆಯದಿದ್ದರೆ ಯಾಕೆ ಬಿಟ್ಟರೋ ಎಂದು ಅನುಮಾನ. ಬೆಳಗಾವಿ, ಮಿರಜ, ಕೊಲ್ಹಾಪುರ ಎಲ್ಲ ದವಾಖಾನೆಗಳ ಬೆಂಚು ಕಾಯಿಸಿ ಬಂದಿದ್ದೆವು. ದತ್ತು ತೆಗೆದುಕೊಳ್ಳೋಣ ಎಂದು ಸುನಂದಾ ಎರಡು ಸಲ ಮಾತೆತ್ತಿದಳು, ಒಮ್ಮೆ ಎಲ್ಲಿಂದಲೋ ಅರ್ಜಿಯನ್ನೂ ತಂದಳು. ಯಾವ ಬೇರಿನದೋ ಏನೋ ಎಂದು ನಾನೇ ಅಡ್ಡ ಮಾತಾಡಿದೆ. ಅವಳು ಮೂರನೆಯ ಸಲ ಕೇಳಲಿಲ್ಲ, ಅರ್ಜಿ ಎಲ್ಲಿ ಹೋಯಿತೆಂದು ನಾನೂ ವಿಚಾರಿಸಲಿಲ್ಲ.

ಇಂಥ ಮನೆಗೆ ಒಂದು ಗಾಜಿನ ತೊಟ್ಟಿ ಬಂತು. ಇದು ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಯಾವ ಸಂದೇಹ ಬಂದರೂ ಮೊಬೈಲನ್ನೇ ಕೇಳುವ ರೂಢಿ ನಮಗಿನ್ನೂ ಹತ್ತಿರಲಿಲ್ಲ. ಕಾಗವಾಡಕ್ಕೆ ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬ ತನ್ನ ಮೀನಿನ ತೊಟ್ಟಿಯನ್ನು ಎರಡು ಬಂಗಾರದ ಮೀನುಗಳ ಸಮೇತ ನನಗೆ ಪುಕ್ಕಟೆಯಾಗಿ ಕೊಟ್ಟು ಹೋದ. ಪುಕ್ಕಟೆ ಎಂದ ಕೂಡಲೇ ಎಲ್ಲೋ ಸೋರುತ್ತಿರಬೇಕು ಎಂದು ನಾನು ಮೂರು ದಿನ ಅದನ್ನು ಬಚ್ಚಲಲ್ಲಿ ನೀರು ತುಂಬಿ ಇಟ್ಟು ನೋಡಿದೆ. ಒಂದು ಹನಿ ಸೋರಲಿಲ್ಲ. ಹಾಗಾದರೆ ಮೀನಿಗೇ ರೋಗವಿರಬೇಕೆಂದು ಇನ್ನೊಂದು ವಾರ ಕಾದೆ. ಮೀನುಗಳು ಆರೋಗ್ಯವಾಗಿ ನನ್ನನ್ನೇ ನೋಡುತ್ತ ಬಾಯಿ ತೆರೆದು ಮುಚ್ಚಿದವು. ಕೊನೆಗೆ ಬೇರೆ ದಾರಿ ಇಲ್ಲದೆ ಪಡಸಾಲೆಯ ಮೇಜಿನ ಮೇಲೆ, ಮಾವನವರ ಕುರ್ಚಿಯ ಎದುರಿಗೆ, ತೊಟ್ಟಿಯನ್ನು ಸ್ಥಾಪಿಸಿದೆ.

ಹುಲ್ಲಿನ ಹುಚ್ಚು ಹಿಡಿದದ್ದು ನಿಪ್ಪಾಣಿಯ ಮೀನಿನ ಅಂಗಡಿಯಲ್ಲಿ. ಅಲ್ಲಿ ಆಳೆತ್ತರದ ತೊಟ್ಟಿಯೊಂದರ ತಳದಿಂದ ಹಸಿರು ಪಟ್ಟಿಗಳಂತಹ ಎಲೆಗಳು ನೆಟ್ಟಗೆ ಎದ್ದು, ನೀರಿನ ಮೇಲ್ಮೈ ಮುಟ್ಟಿ, ಮುಂದೆ ಹೋಗಲು ಜಾಗವಿಲ್ಲದೆ ಅಲ್ಲೇ ಮೈಚಾಚಿ ಮಲಗಿದ್ದವು. ಗಾಳಿಯಿಲ್ಲದ ಕಡೆ ತೂಗುವ ಹುಲ್ಲನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಬ್ಬಿನ ಗದ್ದೆಯ ಅಂಚಿನಲ್ಲಿ ಬೆಳೆದವನಿಗೆ ಉದ್ದನೆಯ ಎಲೆ ಹೊಸದೇನೂ ಅಲ್ಲ. ಆದರೆ ಕಬ್ಬಿನ ಎಲೆ ಮೈ ಕುಯ್ಯುತ್ತದೆ, ಇದು ಬೆರಳ ನಡುವೆ ರೇಷ್ಮೆಯ ದಾರದ ಹಾಗೆ ಜಾರಿತು. ಅಂಗಡಿಯವನು ಅದಕ್ಕೆ ವ್ಯಾಲಿಸ್ನೇರಿಯಾ ಎಂಬ ಭಾರವಾದ ಹೆಸರು ಹೇಳಿದ. ನಮ್ಮ ಮನೆಯಲ್ಲಿ ಅದು ಬರೀ ಹುಲ್ಲಾಯಿತು. ಹತ್ತು ಬುಡ ಕಟ್ಟಿಕೊಡುತ್ತ ಅವನು ಒಂದು ಎಚ್ಚರಿಕೆಯನ್ನೂ ಕಟ್ಟಿಕೊಟ್ಟ.

"ಬೇರ ಅಷ್ಟ ಉಸುಕಿನ್ಯಾಗ ಇಡ್ರಿ. ಕುತಗಿ ಹೂಳಬ್ಯಾಡ್ರಿ. ಕುತಗಿ ಹೂತರ ಕೊಳೀತೈತಿ."

ಎಲೆಯೂ ಬೇರೂ ಕೂಡುವ ಬೆಳ್ಳಗಿನ ಜಾಗ ಈ ಹುಲ್ಲಿನ ಕುತ್ತಿಗೆ. ಅದು ಉಸುಕಿನ ಮೇಲೆ ಕಾಣುತ್ತಿರಬೇಕು. ಹೊಸ ನೀರಿಗೆ ಬಂದಾಗ ಹಳೆಯ ಎಲೆಗಳು ಒಮ್ಮೆ ಕರಗಿ ಹೋಗಬಹುದು, ಗಾಬರಿಯಾಗಬೇಡಿ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ, ಆಮೇಲೆ ಬುಡದಿಂದ ಬಳ್ಳಿ ಹರಿದು ಅದೇ ಮರಿ ಹಾಕುತ್ತದೆ ಎಂದೂ ಹೇಳಿದ. ಮಾರುವವನು ಮುಂಚಿತವಾಗಿಯೇ ಕ್ಷಮಾಪಣೆ ಕೇಳಿದರೆ ಸರಕು ಕೊಳೆತದ್ದೇ ಇರಬೇಕು ಎಂದು ನನಗನ್ನಿಸಿತು. ಆದರೂ ತಂದೆ. ಸುನಂದಾ ದೂಧಗಂಗಾ ಹೊಳೆಯ ದಪ್ಪ ಉಸುಕನ್ನು ಜರಡಿ ಹಿಡಿದು, ಏಳು ನೀರು ತೊಳೆದು ಕೊಟ್ಟಳು. ಸಾಲು ಹಿಡಿದು ನೆಟ್ಟೆ. ಹದಿನೈದು ದಿನ ಹುಲ್ಲು ಚೆನ್ನಾಗಿಯೇ ಇತ್ತು.

ಆಮೇಲೆ ಒಂದೊಂದೇ ಬುಡ ಕೊಳೆಯತೊಡಗಿತು. ಎಲೆ ಕಂದಾಗಿ, ಗಾಜಿನಂತೆ ತೆಳುವಾಗಿ, ಮುಟ್ಟಿದರೆ ಕೈಗೆ ಬರುತ್ತಿತ್ತು. ಅಂಗಡಿಯವನು ಹೇಳಿದ ಕರಗುವಿಕೆ ಇದೇ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ನನಗೆ ಸಮಾಧಾನವೆಂಬುದು ಅಷ್ಟು ಸುಲಭವಾಗಿ ಬರುವುದಿಲ್ಲ. ತಪಾಸಣೆ ಆರಂಭಿಸಿದೆ. ಮೊದಲ ಆರೋಪಿಗಳು ಮೀನುಗಳೇ. ಅವನ್ನು ಎರಡು ದಿನ ಬಕೆಟ್ಟಿಗೆ ವರ್ಗ ಮಾಡಿದೆ. ಎರಡನೆಯ ಆರೋಪಿ ಅಂಗಡಿಯವನು. ನಿಪ್ಪಾಣಿಗೆ ಹೋಗಿ ಜಗಳಾಡಿ ಇನ್ನೂ ಆರು ಬುಡ ತಂದೆ. ಮೂರನೆಯವರು ಪಿಕೋ ಮಾಡಿಸಲು ಬರುವ ಹೆಂಗಸರ ಮಕ್ಕಳು, ಗಾಜು ಬಡಿಯುವವರು, ಬಿಸ್ಕತ್ತು ಎಸೆಯುವವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಯಾರು ಎಂದು ನಾನು ಊಟದ ಹೊತ್ತಿಗೆ ಹುಲ್ಲಿನ ಮಾತೆತ್ತಿ ಸುನಂದಾಳ ಮುಖವನ್ನೂ ನೋಡಿದ್ದುಂಟು. ಅವಳು ರೊಟ್ಟಿ ಮುರಿಯುತ್ತ ಕಣ್ಣೆತ್ತಲಿಲ್ಲ. ಅದು ನನ್ನ ಲೆಕ್ಕದಲ್ಲಿ ಒಳ್ಳೆಯ ಲಕ್ಷಣವಲ್ಲ.

ಒಂದು ದಿನ ಗಾಜಿನ ಹೊರಗಡೆ, ಉಸುಕಿನ ಮಟ್ಟಕ್ಕೆ ಸರಿಯಾಗಿ, ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ಮೀಟರಿನ ಅಂಕಿಯನ್ನು ಗುಟ್ಟಾಗಿ ಬರೆದಿಟ್ಟುಕೊಳ್ಳುವ ನಮ್ಮ ಹಳೆಯ ವಿದ್ಯೆ. ಹತ್ತು ದಿನ ಉಸುಕು ಗೆರೆಯ ಹತ್ತಿರವೇ ಇತ್ತು. ಹನ್ನೊಂದನೆಯ ದಿನ ಮಾವನವರು ಬರುವ ಸಂತೆ. ನಾನು ಕಚೇರಿಯಿಂದ ಬಂದು ನೋಡುತ್ತೇನೆ, ಹುಲ್ಲಿನ ಸಾಲಿನ ಬುಡದಲ್ಲಿ ಉಸುಕು ಎರಡು ಬೆರಳು ಮೇಲೆದ್ದಿದೆ, ಸಾಲುಗಳ ನಡುವೆ ಅಷ್ಟೇ ಕೆಳಗಿಳಿದಿದೆ. ಅಚ್ಚುಕಟ್ಟಾದ ಬೋದು, ಅಚ್ಚುಕಟ್ಟಾದ ಕಾಲುವೆ. ಕುತ್ತಿಗೆಗಳೆಲ್ಲ ಹೂತು ಹೋಗಿದ್ದವು. ಮೀನಿಗಾಗಲೀ ಮಕ್ಕಳಿಗಾಗಲೀ ಇಷ್ಟು ನೆಟ್ಟನೆಯ ಸಾಲು ಬರುವುದಿಲ್ಲ. ಕಿಟಕಿಯ ಕಲ್ಲಿನ ಮೇಲೆ ಆಗ ತಾನೇ ಎತ್ತಿದ ಬಾಟಲಿಯ ಒದ್ದೆ ಗುರುತು ಇನ್ನೂ ಆರಿರಲಿಲ್ಲ.

ಮಾವನವರ ಮೇಲೆ ನನ್ನ ಸಂಶಯ ಬಿದ್ದದ್ದು ಹೀಗೆ. ಬಿದ್ದ ಮೇಲೆ ಅದು ಬೆಳೆಯಲು ತಡವಾಗಲಿಲ್ಲ, ನನ್ನ ಹುಲ್ಲಿನ ಹಾಗಲ್ಲ ಅದು. ಮೊಮ್ಮಕ್ಕಳನ್ನು ಕೊಡಲಾರದ ಅಳಿಯ ಮೀನು ಸಾಕಿಕೊಂಡು ಕೂತಿದ್ದಾನೆಂಬ ಸಿಟ್ಟಿಗೆ ಹುಲ್ಲು ಕೀಳುತ್ತಿದ್ದಾರೋ? ಅಥವಾ ಯಾವನೋ ಬಾಬಾನ ಮಾತು ಕೇಳಿ ಬುಡದಲ್ಲಿ ಏನನ್ನಾದರೂ ಹೂಳುತ್ತಿದ್ದಾರೋ? ಆ ಬಾಟಲಿಯಲ್ಲಿರುವುದು ಬರೀ ಬಾವಿಯ ನೀರೇ ಎಂದು ನಂಬುವುದಾದರೂ ಹೇಗೆ? ಅವರ ಬೆನ್ನ ಹಿಂದೆ ಉಸುಕನ್ನೆಲ್ಲ ಕೆದಕಿ ನೋಡಿದೆ, ತಾಯಿತ ಸಿಗಲಿಲ್ಲ. ಸಿಗದಿದ್ದದ್ದೂ ಒಂದು ಜಾಣತನವೆಂದೇ ಕಂಡಿತು. ಅನುಮಾನಕ್ಕೆ ಮದ್ದಿಲ್ಲ ಎನ್ನುತ್ತಾರಲ್ಲ, ಅದರ ನಡೆದಾಡುವ ಸಾಕ್ಷಿಯಾಗಿ ನಾನು ಆ ಬೇಸಿಗೆಯನ್ನು ಕಳೆದೆ.

ಆ ಬೇಸಿಗೆಯಲ್ಲಿಯೇ ಮಾವನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು. ಜೀವಮಾನವಿಡೀ ಕಬ್ಬು ಬೆಳೆದವರಿಗೆ ಅದು ಬರಬಾರದಿತ್ತು ಎಂದು ಅವರೇ ನಕ್ಕರು. ಆದರೆ ಕಾಯಿಲೆಯ ನೀರಡಿಕೆ ನಗುವಂಥದ್ದಲ್ಲ. ಭೋಜದಿಂದ ತಂದ ಬಾಟಲಿ ಹನ್ನೆರಡು ಗಂಟೆಗೇ ಖಾಲಿಯಾಗುತ್ತಿತ್ತು. ಆಮೇಲೆ ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತ, ಮಗಳ ಮನೆಯ ತುಂಬಿದ ಕೊಡದ ಎದುರಿಗೆ, ಕೂತಿರುತ್ತಿದ್ದರು. ಸುನಂದಾ ಬೇಡಿಕೊಂಡಳು, ಅತ್ತಳು, ಒಮ್ಮೆ ರೇಗಿದಳು. ನಿಮ್ಮ ಅವ್ವ ಪಾಲಿಸಿ ಹೋದದ್ದನ್ನು ನಾನು ಮುರಿದರೆ ನಾಳೆ ಅವಳಿಗೆ ಯಾವ ಮುಖ ತೋರಿಸಲಿ ಎಂದರು ಮಾವನವರು. ನಾಲ್ಕರ ಬಸ್ಸಿಗೆ ಎರಡು ಗಂಟೆಗೇ ಎದ್ದು ಹೊರಡತೊಡಗಿದರು. ಯಾಕೆ ಇಷ್ಟು ಬೇಗ ಎಂದು ನಾನು ಅದನ್ನೂ ಸಂಶಯದಿಂದಲೇ ನೋಡಿದೆ.

ಮುಂದಿನ ಸಂತೆಗೆ ಬಲೆ ಹಾಕಿದೆ. ರಾಯಬಾಗದ ಕಡೆ ತಪಾಸಣೆಯಿದೆ, ಬರುವುದು ಸಂಜೆಯಾಗುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗಾಡಿ ಹತ್ತಿದೆ. ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಮುಕ್ಕಾಲು ಗಂಟೆ ಕಳೆದು, ಹಿತ್ತಿಲ ಸಂದಿಯಿಂದ ಬಂದು, ಪಡಸಾಲೆಯ ಪಕ್ಕದ ಕಿಟಕಿಯ ಸೀಳಿಗೆ ಕಣ್ಣಿಟ್ಟೆ. ಸ್ವಂತ ಮನೆಗೆ ಹೀಗೆ ಕಣ್ಣಿಡುವಾಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಕಳ್ಳ ಸಿಕ್ಕಿಬೀಳುವ ಹೊತ್ತಿನ ಖುಷಿಯೇ ಆಗುತ್ತಿತ್ತು.

ಮಾವನವರು ಅಂಗಿಯ ತೋಳನ್ನು ಭುಜದ ತನಕ ಮಡಚಿ ತೊಟ್ಟಿಯಲ್ಲಿ ಕೈ ಬಿಟ್ಟಿದ್ದರು. ಕಣ್ಣು ಅರೆಮುಚ್ಚಿತ್ತು. ಬೆರಳುಗಳನ್ನು ನೇಗಿಲಿನ ಕುಳದ ಹಾಗೆ ಮಡಚಿ ಸಾಲುಗಳ ನಡುವಿನ ಉಸುಕನ್ನು ತೆಗೆತೆಗೆದು, ಒಂದೊಂದು ಬುಡಕ್ಕೂ ಎರಡೂ ಕಡೆಯಿಂದ ಒತ್ತಾಗಿ ಏರಿಸುತ್ತಿದ್ದರು. ಎಳೆಯ ಕಬ್ಬಿಗೆ ಹೀಗೆ ಹಗುರಾಗಿ ಮಣ್ಣು ಏರಿಸುವುದನ್ನು ನಾನೂ ಕಂಡವನೇ. ಗಡಿಯ ಹಳ್ಳಿಗಳಲ್ಲಿ ಅದಕ್ಕೆ ಬಾಳಭರಣಿ ಎನ್ನುತ್ತಾರೆ. ಬುಡಕ್ಕೆ ಮಣ್ಣು ಬಿದ್ದರೆ ಕಬ್ಬು ಮರಿ ಒಡೆದು ಒಂದು ಹತ್ತಾಗುತ್ತದೆ. ಐವತ್ತು ವರ್ಷ ಕಬ್ಬಿಗೆ ಮಾಡಿದ್ದನ್ನು ಅವರು ನನ್ನ ನೀರಿನೊಳಗಿನ ಹುಲ್ಲಿಗೂ ಮಾಡುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಸುನಂದಾ ಕೂತಿದ್ದಳು, ಎಲ್ಲವನ್ನೂ ನೋಡುತ್ತ. ಅಂದರೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ಅವರಿಗೆ ಗೊತ್ತಾದ್ರ ಸಿಟ್ಟಿಗೇಳ್ತಾರ, ಅಪ್ಪಾ," ಎಂದಳು.

"ಎದ್ರ ಏಳ್ಲಿ ಬಿಡವಾ. ಬುಡಕ್ಕ ಏರಸಲಾರದ ಮರಿ ಹೆಂಗ ಒಡೀತಾವ?" ಮಾವನವರು ಕೈ ತೆಗೆಯಲಿಲ್ಲ. ಇನ್ನೊಂದು ಬುಡಕ್ಕೆ ಉಸುಕು ಒತ್ತುತ್ತ, ಹುಲ್ಲಿಗೇ ಹೇಳುವಂತೆ, ಮೆಲ್ಲಗೆ ಅಂದರು: "ಈ ಮನ್ಯಾಗ ಒಂದರ ಮರಿ ಹುಟ್ಟಲಿ, ಯವ್ವಾ. ನನಗೂ ನೀರಡಿಕಿ ಆಗೈತಿ."

ಯಂತ್ರದ ಚಕ್ರದ ಮೇಲೆ ಸುನಂದಾಳ ಕೈ ಹಾಗೇ ನಿಂತಿತ್ತು.

ನಾನು ಒಳಗೆ ಹೋಗಲಿಲ್ಲ. ಬಂದ ಸಂದಿಯಿಂದಲೇ ತಿರುಗಿ, ಗಾಡಿಯನ್ನು ನೂಕಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಒಂದು ಹೋಟೆಲಿನ ಹಿಂದಿನ ಬೆಂಚಿನ ಮೇಲೆ ಕೂತೆ. ಎರಡು ಗಂಟೆಯ ಸುಮಾರಿಗೆ ಮಾವನವರು ಬಂದರು. ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿ ಇಟ್ಟ ಹಂಡೆಯಿಂದ ಮೊಗೆದು ಒಂದು ಗ್ಲಾಸು ನೀರು ಕುಡಿದರು, ಇನ್ನೊಂದು ಕುಡಿದರು, ಮೂರನೆಯದನ್ನು ಕುಡಿದು ಗಂಟಲಿನ ಮೇಲೆ ಹರಿದದ್ದನ್ನು ಟವೆಲಿನಿಂದ ಒರೆಸಿಕೊಂಡರು. ಇದಕ್ಕಾಗಿ ಅವರು ಬೇಗ ಏಳುತ್ತಿದ್ದರು. ಮಗಳ ಮನೆಯಲ್ಲಿ ಬಾಯಾರಿ ಯಾವನೋ ಹೋಟೆಲಿನವನ ನೀರು ಕುಡಿಯಲು ಓಡಿ ಬರುವ ಆ ಹಿರಿಯ ಜೀವವನ್ನು ಕಂಡು ನಾನು ಅತ್ತುಬಿಟ್ಟೆ. ಇಷ್ಟು ದಿನ ನಾನು ಹಿಡಿಯಲು ಹೊಂಚಿದ ಕಳ್ಳ ಇವರು.

ಈಗ ನನ್ನ ಫಜೀತಿಯನ್ನು ನೀವೇ ಯೋಚಿಸಿ. ನೀವು ಮಾಡುವುದರಿಂದಲೇ ಹುಲ್ಲು ಕೊಳೆಯುತ್ತಿದೆ ಎಂದು ಹೇಳಿದರೆ ಅವರ ಕೈಯಲ್ಲಿದ್ದ ಒಂದೇ ಉಪಾಯವನ್ನು ಕಿತ್ತುಕೊಂಡಂತೆ; ಹೇಳದಿದ್ದರೆ ಆ ತೊಟ್ಟಿಯಲ್ಲಿ ಎಂದಿಗೂ ಮರಿ ಹುಟ್ಟುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೊನೆಗೆ ಒಂದು ದಾರಿ ಹಿಡಿದೆ. ಸಂತೆಯ ದಿನ ಅವರು ಏರಿಸಲಿ. ಮರುದಿನ ಬೆಳಿಗ್ಗೆ ಚಮಚದ ಹಿಂಬದಿಯಿಂದ ನಾನು ಒಂದೊಂದೇ ಬುಡದ ಉಸುಕನ್ನು ಸರಿಸಿ ಕುತ್ತಿಗೆ ಬಿಡಿಸುತ್ತೇನೆ. ಮುಂದಿನ ಸಂತೆಯ ಹಿಂದಿನ ದಿನ, ತೋರಿಕೆಗೆ, ಸ್ವಲ್ಪ ಉಸುಕನ್ನು ಮತ್ತೆ ಬುಡಕ್ಕೆ ಒತ್ತಿ ಇಡುತ್ತೇನೆ. ಮೊದಲ ಸಲ ಹೀಗೆ ಮಾಡುವಾಗ ಸುನಂದಾ ಬಂದು ಹಿಂದೆ ನಿಂತಳು. ಸ್ವಲ್ಪ ಹೊತ್ತಿಗೆ ಇನ್ನೂ ಸಣ್ಣದೊಂದು ಚಮಚ ತಂದು ನನ್ನ ಕೈಗೆ ಕೊಟ್ಟಳು. ಮಾವನವರ ಬೆನ್ನ ಹಿಂದೆ ಸೀಲು ಒಡೆದು ಮತ್ತೆ ಅಂಟಿಸುವ ಕೆಲಸ ಈಗ ನನ್ನ ಪಾಲಿಗೇ ಬಂದಿತ್ತು.

ಮಳೆಗಾಲ ಹೋಯಿತು, ಚಳಿ ಹೋಯಿತು. ಕರಗಿದ್ದ ಬುಡಗಳಲ್ಲಿ ನಾಲ್ಕು ಉಳಿದವು. ಮೊದಲು ಸೂಜಿಯಷ್ಟು ಚಿಗುರು, ಆಮೇಲೆ ಗೇಣುದ್ದ, ಯುಗಾದಿಯ ಹೊತ್ತಿಗೆ ನೀರಿನ ಮೇಲ್ಮೈ ಮುಟ್ಟಿ ಮೈಚಾಚಿದವು. ಮುಂಗಾರಿನ ಮೊದಲ ಮೋಡಗಳು ಕಾಣಿಸಿಕೊಂಡ ಒಂದು ಬೆಳಿಗ್ಗೆ ಮೂಲೆಯ ಬುಡದಿಂದ ನಾಲ್ಕು ಬೆರಳು ದೂರದಲ್ಲಿ, ನಾನು ಏನನ್ನೂ ನೆಡದ ಜಾಗದಲ್ಲಿ, ಮೂರು ಎಲೆಯ ಪುಟ್ಟ ಹುಲ್ಲೊಂದು ನಿಂತಿತ್ತು.

ನನಗೆ ಮೊದಲು ಆದದ್ದು ಸಂತೋಷವಲ್ಲ. ಅಪ್ಪನ ಸಂಕಟ ನೋಡಲಾರದೆ ಸುನಂದಾ ನಿಪ್ಪಾಣಿಯಿಂದ ಸಣ್ಣದೊಂದು ಬುಡ ತರಿಸಿ ಗುಟ್ಟಾಗಿ ನೆಟ್ಟಿರಬೇಕು ಎಂದೇ ಮನಸ್ಸು ಹೇಳಿತು. ತೋಳು ಮಡಚಿ ಕೈ ಬಿಟ್ಟೆ, ಉಸುಕನ್ನು ಮೆಲ್ಲಗೆ ಸರಿಸಿದೆ. ತಾಯಿ ಬುಡದಿಂದ ಮರಿಯ ತನಕ ಬೆಳ್ಳಗಿನ ಬಳ್ಳಿಯೊಂದು ಹರಿದಿತ್ತು, ಕೂಸಿನ ಹೊಕ್ಕುಳಬಳ್ಳಿಯಷ್ಟು ನಿಸ್ಸಂದೇಹವಾಗಿ. ಸುನಂದಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಏನನ್ನು ಹುಡುಕುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಆ ನೋಟವನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನನ್ನ ಮಾನ ಹೋಗುತ್ತದೆ.

ಸಂತೆಯ ದಿನ ಮಾವನವರು ಬಂದರು, ಬಾಟಲಿಯನ್ನು ಕಿಟಕಿಯಲ್ಲಿಟ್ಟರು, ಕೂತರು, ಕೂತವರು ಎದ್ದರು. ಚಾಳೀಸಿನ ಕನ್ನಡಕ ಹಾಕಿಕೊಂಡು ಗಾಜಿಗೆ ಹಣೆ ತಾಗುವಷ್ಟು ಬಾಗಿ ನೋಡಿದರು. ಮರಿಯಿಂದ ಮೂಲೆಯ ಬುಡದ ತನಕ ಗಾಜಿನ ಮೇಲೆ ಬೆರಳಾಡಿಸಿದರು. ಅವರಿಗೂ ಸಂಶಯ ಬಂದಿರಬೇಕೆಂದು, ನನ್ನ ಬುದ್ಧಿಯಿಂದ ಎಲ್ಲರ ಬುದ್ಧಿಯನ್ನೂ ಅಳೆಯುವ ನಾನು, ಮುಂದೆ ಬಂದು ಸಾಕ್ಷಿ ಹೇಳಿದೆ.

"ನಮ್ಮದ ಐತ್ರಿ ಮಾವಾರ. ಉಸುಕ ತಗದ ನೋಡೇನಿ. ಬಳ್ಳಿಯಿಂದ ತಾಯಿಗೆ ಜೋಡ ಐತಿ."

ಅವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ನೋಡುವ ಮಾಸ್ತರರ ಮುಖವಿತ್ತು.

"ಜೋಡ ಇದ್ರೇನ್ರಿ, ಇರದಿದ್ರೇನ್ರಿ, ಅಳ್ಯಾರ. ನಿಮ್ಮ ನೀರಾಗ ಬೆಳದೈತಲ್ಲ."

ಅಷ್ಟು ಹೇಳಿ ಅವರು ಕುರ್ಚಿಗೆ ಮರಳಿದರು. ಬಾಟಲಿಯ ಕಡೆ ಕೈ ಹೋಯಿತು. ಅರ್ಧ ಹೋದ ಕೈ ನಿಂತಿತು, ತೊಡೆಯ ಮೇಲೆ ಬಂದು ಕೂತಿತು. "ಸುನಂದಾ, ಒಂದ ತಂಬಗಿ ನೀರ ಕೊಡವಾ," ಎಂದರು, ದಿನವೂ ಕೇಳುವವರ ಹಾಗೆ.

ಸುನಂದಾ ಒಳಗೆ ಹೋದವಳು ಬರಲು ಬಹಳ ಹೊತ್ತಾಯಿತು. ಕೊಡದಿಂದ ಒಂದು ತಂಬಿಗೆ ನೀರು ಮೊಗೆಯಲು ಅಷ್ಟು ಹೊತ್ತು ಬೇಡ. ತಂದಾಗ ಕಣ್ಣೊರೆಸಿಕೊಂಡ ಗುರುತಿತ್ತು, ತಂಬಿಗೆ ಹೊಳೆಯುವಂತೆ ಬೆಳಗಿದ್ದಳು. ಮಾವನವರು ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ, ಮೇಲಿನಿಂದ ಸುರಿದುಕೊಂಡು ಒಂದೇ ಸಮನೆ ಕುಡಿದರು. ಕೊನೆಯ ಗುಟುಕಿಗೆ ಮುಂಚೆ ತಡೆದು, ಉಳಿದ ನೀರನ್ನು ಅಂಗೈಗೆ ಹಾಕಿಕೊಂಡು ಕಣ್ಣಿಗೆ ಒತ್ತಿಕೊಂಡರು. ಅದು ಅತ್ತೆಯವರ ಪಾಲಿನ ಗುಟುಕಾಗಿರಬೇಕು.

ಅವತ್ತು ಅವರು ನಾಲ್ಕು ಗಂಟೆಯ ತನಕವೂ ಇದ್ದರು. ಹೊರಡುವಾಗ ಆ ಮರಿಯ ಪಕ್ಕದಲ್ಲಿ ಆಗಲೇ ತಲೆಯೆತ್ತುತ್ತಿದ್ದ ಇನ್ನೊಂದು ಮರಿಯನ್ನು ತೋರಿಸಿ, ಭೋಜಕ್ಕೆ ಒಯ್ಯಲೇ ಎಂದು ಕೇಳಿದರು. ನಾನು ಬಳ್ಳಿಯನ್ನು ಚಿವುಟಿ ಬಿಡಿಸಿದೆ. ಬಾಟಲಿಯಲ್ಲಿ ಉಳಿದಿದ್ದ ತಮ್ಮ ಬಾವಿಯ ನೀರನ್ನು ಅವರು ಅಂಗಳದ ತುಳಸಿಗೆ ಹಾಕಿ, ನಮ್ಮ ತೊಟ್ಟಿಯ ನೀರನ್ನು ತುಂಬಿಸಿಕೊಂಡು ಅದರಲ್ಲಿ ಆ ಮರಿಯನ್ನು ಬಿಟ್ಟರು. ಮೆಟ್ಟಿಲಿಳಿದವರು ನಿಂತು, ಸುನಂದಾಳಿಗೆ ಕೇಳದಂತೆ, ನನ್ನ ಕಿವಿಯ ಹತ್ತಿರ ಬಂದರು.

"ಇನ್ನ ನಾ ಏರಸೂದಿಲ್ಲ. ನೀವೂ ಸರಸೂದ ಬ್ಯಾಡ್ರಿ."

ನಾನು ಚಾಪೆಯ ಕೆಳಗೆ ತೂರಿದ್ದೆ. ಅವರು ರಂಗೋಲಿಯ ಕೆಳಗೇ ಇದ್ದರು. ಐವತ್ತು ವರ್ಷ ಬೋದಿನ ಎತ್ತರವನ್ನು ಕಣ್ಣಳತೆಯಲ್ಲೇ ಹಿಡಿದವರಿಗೆ ಚಮಚದ ಗುರುತು ತಿಳಿಯುವುದಿಲ್ಲವೆಂದು ನಂಬಿದವನು ನಾನು, ಯಾರನ್ನೂ ನಂಬದವನು. ಎಂದಿನಿಂದ ಗೊತ್ತಿತ್ತೋ ಅವರಿಗೆ? ಗೊತ್ತಿದ್ದೂ ಏರಿಸುತ್ತಿದ್ದರೆ ಅದು ಹುಲ್ಲಿಗಾಗಿಯೋ, ನಾನು ಮರುದಿನ ಕೂತು ಸರಿಸಲಿ ಎಂದೋ? ಆ ನೇಮವನ್ನು ಮುರಿಯದೆ ಮುಗಿಸಲು ಅವರಿಗೊಂದು ನೆಪವಷ್ಟೇ ಬೇಕಿತ್ತೋ? ಈ ಪ್ರಶ್ನೆಗಳನ್ನು ನಾನು ಇಂದಿಗೂ ತಿರುಗಿಸಿ ತಿರುಗಿಸಿ ನೋಡುತ್ತೇನೆ, ಸೀಲು ಎಲ್ಲೂ ಒಡೆದಂತೆ ಕಾಣುವುದಿಲ್ಲ.

ಆ ವಾರ ಒಂದು ಮಧ್ಯಾಹ್ನ ಸುನಂದಾಳನ್ನು, ಹಿಂದೆ ದತ್ತಿನ ಅರ್ಜಿಯೊಂದನ್ನು ತಂದಿದ್ದೆಯಲ್ಲ, ಎಲ್ಲಿದೆ ಎಂದು ಕೇಳಿದೆ. ಅವಳು ಯಂತ್ರ ನಿಲ್ಲಿಸದೆಯೇ ಕೆಳಗಿನ ಡ್ರಾವರು ಎಳೆದಳು. ಗುಂಡಿಗಳ ಡಬ್ಬಿಯ ಕೆಳಗೆ, ಅಂಚು ಹಳದಿಯಾಗಿ, ಮಡಿಕೆ ಬಿಡಿಸದೆ ಇತ್ತು. ಅದು ಏನಾಯಿತೆಂಬುದು ಇನ್ನೊಂದು ದೀರ್ಘವಾದ ಮಾತು, ನಮ್ಮಿಬ್ಬರದು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ಮುಂದಿನ ಸಂತೆಯ ದಿನದ ಸಂಗತಿ ಹೇಳದೆ ಮನಸ್ಸು ಒಪ್ಪುವುದಿಲ್ಲ. ಮಾವನವರು ಬರಿಗೈಯಲ್ಲಿ ಬಂದರು. ಬಾಟಲಿ ಭೋಜದ ಮನೆಯ ಕಿಟಕಿಯಲ್ಲಿ ಹುಲ್ಲು ಹೊತ್ತು ನಿಂತಿದೆ, ಎಲೆ ಒಂದು ಹೆಚ್ಚಾಗಿದೆ ಎಂದು ವರದಿ ಕೊಟ್ಟರು. ಕಿಟಕಿಯ ಕಲ್ಲಿನ ದುಂಡನೆಯ ಕಲೆಯನ್ನು ಸುನಂದಾ ಅದಾಗಲೇ ನಿಂಬೆಹುಳಿ ಹಚ್ಚಿ ಉಜ್ಜಿ ನೋಡಿದ್ದಳು, ಹೋಗಿರಲಿಲ್ಲ. ಚಪ್ಪಲಿ ಬಿಡುತ್ತ, ಇನ್ನೂ ಹೊಸ್ತಿಲು ದಾಟುವ ಮೊದಲೇ, ಅವರು ಒಳಗೆ ಕೇಳುವಂತೆ ಕೂಗಿ ಹೇಳಿದರು: "ನೀರ ತಾರವಾ, ಬಿಸಲ ಭಾಳ ಐತಿ."

ನನ್ನ ಕಣ್ಣು ರೂಢಿಯಂತೆ ತಪಾಸಣೆಗೆ ಹೊರಗೆ ಹೋಯಿತು. ಬೆಳಗಿನಿಂದ ಹಿಡಿದ ಜಿಟಿಜಿಟಿ ಮಳೆ ಇನ್ನೂ ನಿಂತಿರಲಿಲ್ಲ, ಅವರ ಟವೆಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೌದ್ರಿ ಮಾವಾರ, ಭಾಳ ಬಿಸಲ ಐತಿ ಎಂದು ನಾನೂ ಹೇಳಿ, ಕುರ್ಚಿಯನ್ನು ಅವರ ಕಡೆಗೆ ಸರಿಸಿದೆ.